ಲಾಂಗ್ ಬಾರಿನ ಸಿಂಗಾಪುರ್ ಸ್ಲಿಂಗ್: ರುಚಿ, ಬೆಲೆ ಮತ್ತು 1915ರ ಕಥೆ

ಸಿಂಗಾಪುರದ ಬೀಚ್ ರಸ್ತೆಯೂ ಬ್ರಾಸ್ ಬಸಾ ರಸ್ತೆಯೂ ಕೂಡುವ ಮೂಲೆಯಲ್ಲಿ ರಾಫಲ್ಸ್ ಹೋಟೆಲಿದೆ. ಅಲ್ಲಿನ ಲಾಂಗ್ ಬಾರಿಗೆ ಬರುವವರಲ್ಲಿ ಹೆಚ್ಚಿನವರು ಪಾನೀಯಗಳ ಪಟ್ಟಿಯನ್ನು ಪೂರ್ತಿ ಓದುವುದಿಲ್ಲ. ಅವರು ಬರುವುದೇ ಸಿಂಗಾಪುರ್ ಸ್ಲಿಂಗ್ ಕುಡಿಯಲು. ಜಿನ್, ಚೆರ್ರಿ ಲಿಕ್ಯೂರ್ ಎಂಬ ಸಿಹಿ ಮದ್ಯ, ಅನಾನಸ್ ರಸ, ನಿಂಬೆರಸ ಮೊದಲಾದವುಗಳನ್ನು ಮಂಜುಗಡ್ಡೆಯೊಂದಿಗೆ ಕುಲುಕಿ ಎತ್ತರದ ಲೋಟಕ್ಕೆ ಸುರಿದು ಕೊಡುವ ಈ ಕಾಕ್‌ಟೇಲ್ ಇದೇ ಹೋಟೆಲಿನಲ್ಲಿ 1915ರಲ್ಲಿ ಹುಟ್ಟಿತೆಂದೂ, ಇಲ್ಲಿ ಬಾರ್‌ಟೆಂಡರ್ ಆಗಿದ್ದ ಹೈನಾನ್ ದ್ವೀಪದ ನ್ಯಾಮ್ ತೋಂಗ್ ಬೂನ್ ಅದನ್ನು ರೂಪಿಸಿದನೆಂದೂ ಹೋಟೆಲು ಹೇಳುತ್ತದೆ. ತೆರಿಗೆ ಮತ್ತು ಸೇವಾಶುಲ್ಕ ಸೇರಿದರೆ ಒಂದು ಲೋಟದ ಬೆಲೆ 40 ಸಿಂಗಾಪುರ ಡಾಲರನ್ನು ದಾಟುತ್ತದೆ. ಈ ಬೆಲೆಯಲ್ಲಿ ಮದ್ಯಕ್ಕೂ ಹಣ್ಣಿನ ರಸಕ್ಕೂ ಸಲ್ಲುವ ಪಾಲು ಚಿಕ್ಕದು. ಉಳಿದದ್ದನ್ನು ನಾವು ಕಥೆಗೆ ಕೊಡುತ್ತೇವೆ. ಹಾಗಿರುವಾಗ ಆ ಕಥೆ ಎಷ್ಟು ಗಟ್ಟಿ ಎಂದು ಪರೀಕ್ಷಿಸದೆ ಈ ಪೇಯದ ವಿಮರ್ಶೆ ಪೂರ್ಣವಾಗದು ಎಂಬುದು ನನ್ನ ನಿಲುವು.

ಮೊದಲು ಸ್ಥಳದ ವಿಚಾರ. ಈಗಿನ ಲಾಂಗ್ ಬಾರ್ ಇರುವುದು 1899ರ ಮುಖ್ಯ ಕಟ್ಟಡದಲ್ಲಲ್ಲ; 1989ರಿಂದ 1991ರವರೆಗೆ ಹೋಟೆಲನ್ನು ಮುಚ್ಚಿ ನಡೆಸಿದ ಜೀರ್ಣೋದ್ಧಾರದ ಸಂದರ್ಭದಲ್ಲಿ ಸೇರಿಸಿದ ಆರ್ಕೇಡಿನ ಮಹಡಿಯಲ್ಲಿ. ಆದ್ದರಿಂದ ಇಲ್ಲಿ ಕುಳಿತವರು ನ್ಯಾಮ್ ನಿಂತು ಕೆಲಸ ಮಾಡಿದ ಕಟ್ಟೆಯ ಮುಂದೆಯೇ ಕುಳಿತಿದ್ದೇವೆಂದು ಭಾವಿಸಬೇಕಾಗಿಲ್ಲ. ಒಳಾಂಗಣವನ್ನು 1920ರ ದಶಕದ ಮಲಯದ ತೋಟಗಳ ಬಂಗಲೆಗಳನ್ನು ನೆನಪಿಸುವಂತೆ ರೂಪಿಸಲಾಗಿದೆ. ಗಾಢ ಬಣ್ಣದ ಮರ, ಬೆತ್ತದ ಆಸನಗಳು, ಮೇಲಂತಸ್ತಿಗೆ ಸುತ್ತಿಕೊಂಡು ಏರುವ ಮೆಟ್ಟಿಲು, ಚಾವಣಿಯಡಿ ಸಾಲಾಗಿ ಒಂದೇ ಲಯದಲ್ಲಿ ತೂಗುವ ಎಲೆಯಾಕಾರದ ಬೀಸಣಿಗೆಗಳು ಇವೆಲ್ಲ ಅಚ್ಚುಕಟ್ಟಾಗಿವೆ. ಒಂದು ಕಾಲದಲ್ಲಿ ಹಗ್ಗ ಹಿಡಿದು ಪಂಖಾ ಎಳೆಯಲೆಂದೇ ಆಳುಗಳಿರುತ್ತಿದ್ದರು. ಇಂದು ಅದೇ ಕೆಲಸವನ್ನು ಯಂತ್ರ ಮಾಡುತ್ತದೆ. ಮೇಜಿನ ಮೇಲೆ ಗೋಣಿಚೀಲದಲ್ಲಿ ಸಿಪ್ಪೆಸಹಿತ ಶೇಂಗಾ ಇಟ್ಟಿರುತ್ತಾರೆ. ಸಿಪ್ಪೆಯನ್ನು ನೆಲಕ್ಕೆ ಎಸೆಯುವುದು ಇಲ್ಲಿನ ರೂಢಿ. ರಸ್ತೆಯಲ್ಲಿ ಕಾಗದದ ಚೂರು ಬಿಸಾಡಿದರೂ ದಂಡ ಬೀಳುವ ನಗರದಲ್ಲಿ ಈ ಸಲುಗೆಯನ್ನು ಎಲ್ಲ ವಯಸ್ಸಿನವರೂ ಸಂತೋಷದಿಂದ ಬಳಸಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಸರತಿ ನಿಲ್ಲುವುದು ಸಾಮಾನ್ಯ. ವಾರದ ದಿನಗಳಲ್ಲಿ ಮಧ್ಯಾಹ್ನವೇ ಹೋದರೆ ಬಾರ್ ಕಟ್ಟೆಯ ಬಳಿಯೇ ಜಾಗ ಸಿಗುವ ಸಂಭವ ಹೆಚ್ಚು. ಮೇಜಿಗಿಂತ ಕಟ್ಟೆಯೇ ಮೇಲು, ಏಕೆಂದರೆ ಅಲ್ಲಿಂದ ಕೈಕೆಲಸ ಕಾಣುತ್ತದೆ.

ಇನ್ನು ಲೋಟದೊಳಗಿನದು. ಅಂತಾರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘ ಒಪ್ಪಿರುವ ಪಾಕದಲ್ಲಿ 30 ಮಿಲಿಲೀಟರ್ ಜಿನ್, 15 ಮಿಲಿಲೀಟರ್ ಚೆರ್ರಿ ಲಿಕ್ಯೂರ್, ಕ್ವಾಂತ್ರೋ ಎಂಬ ಕಿತ್ತಳೆ ಲಿಕ್ಯೂರ್ ಮತ್ತು ಬೆನೆಡಿಕ್ಟೀನ್ ಎಂಬ ಗಿಡಮೂಲಿಕೆ ಲಿಕ್ಯೂರ್ ತಲಾ 7.5 ಮಿಲಿಲೀಟರ್, 120 ಮಿಲಿಲೀಟರ್ ಅನಾನಸ್ ರಸ, 15 ಮಿಲಿಲೀಟರ್ ನಿಂಬೆರಸ, 10 ಮಿಲಿಲೀಟರ್ ಗ್ರೆನಡೀನ್ ಎಂಬ ದಾಳಿಂಬೆ ಪಾನಕ ಮತ್ತು ಕೆಲವೇ ಹನಿ ಅಂಗೋಸ್ಟುರಾ ಬಿಟರ್ಸ್ ಎಂಬ ಕಹಿ ಕಷಾಯ ಇವೆ. ಲೆಕ್ಕ ಹಾಕಿ ನೋಡಿದರೆ ಒಟ್ಟು ದ್ರವದಲ್ಲಿ ಅರ್ಧಕ್ಕಿಂತ ಹೆಚ್ಚು ಅನಾನಸ್ ರಸವೇ ಆಗುತ್ತದೆ. ಲಾಂಗ್ ಬಾರಿನಲ್ಲಿ ಸಿಗುವುದೂ ಇದೇ ವಂಶದ ಪೇಯ. ನಸುಗೆಂಪು ಬಣ್ಣ, ಮೇಲೆ ಒಂದು ಬೆರಳು ದಪ್ಪದ ನೊರೆ, ಅಂಚಿಗೆ ಅನಾನಸಿನ ತುಂಡು ಮತ್ತು ಚೆರ್ರಿ ಹಣ್ಣು. ತಾಜಾ ಅನಾನಸ್ ರಸವನ್ನು ಮಂಜುಗಡ್ಡೆಯೊಂದಿಗೆ ಜೋರಾಗಿ ಕುಲುಕಿದಾಗ ಬರುವ ನೊರೆಗೆ ಮೊಟ್ಟೆಯ ಬಿಳಿಭಾಗ ಬೇಡ. ಡಬ್ಬಿಯ ರಸದಲ್ಲಿ ಅಷ್ಟು ನಯವಾದ, ಅಷ್ಟು ಹೊತ್ತು ನಿಲ್ಲುವ ನೊರೆ ಏಳುವುದಿಲ್ಲ. ನನಗೆ ಕೊಟ್ಟ ಲೋಟದಲ್ಲಿ ನೊರೆ ಕೊನೆಯ ಗುಟುಕಿನವರೆಗೂ ಉಳಿದಿತ್ತು. ಮೊದಲು ನಾಲಗೆಗೆ ತಾಕುವುದು ಅನಾನಸಿನ ಹುಳಿಸಿಹಿ, ಅದರ ಬೆನ್ನಿಗೇ ಚೆರ್ರಿಯ ಗಾಢ ಪರಿಮಳ. ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಜೇನಿನಂಥ, ಸ್ವಲ್ಪ ಔಷಧಿಯಂಥ ಕಾವು ಬೆನೆಡಿಕ್ಟೀನಿನದು. ಜಿನ್ ಮಾತ್ರ ತೀರಾ ಹಿಂದೆ ನಿಲ್ಲುತ್ತದೆ. ಜುನಿಪರ್ ಕಾಯಿಯ ಕಹಿಯನ್ನು ಇಷ್ಟಪಡುವವರು ಅದನ್ನು ಹುಡುಕಿಕೊಂಡು ಹೋಗಬೇಕು. 2017ರಿಂದ 2019ರವರೆಗೆ ನಡೆದ ನವೀಕರಣದ ಅವಧಿಯಲ್ಲಿ ಸಿಹಿ ತಗ್ಗಿಸುವ ಉದ್ದೇಶದಿಂದ ಪಾಕವನ್ನು ಪರಿಷ್ಕರಿಸಿದ್ದಾರೆ. ಆ ಪರಿಷ್ಕರಣೆ ಒಳ್ಳೆಯ ಕೆಲಸ. ಈಗಿನದು ಊಟದ ಮುಂಚೆಯೂ ಕುಡಿಯಬಹುದಾದಷ್ಟು ಹಗುರವಾಗಿದೆ, ಹುಳಿ ಸರಿಯಾಗಿ ಎದ್ದು ಬರುತ್ತದೆ, ಪಾನಕದ ಅಂಟು ತುಟಿಗೆ ಹತ್ತುವುದಿಲ್ಲ.

ಇಷ್ಟು ರುಚಿಯ ಮಾತಾಯಿತು. 1915ರ ವಿಚಾರಕ್ಕೆ ಬಂದರೆ ನೆಲ ಅಷ್ಟು ಗಟ್ಟಿಯಾಗಿಲ್ಲ.

ಸ್ಲಿಂಗ್ ಎಂಬ ಬಗೆಯ ಪೇಯ ಸಿಂಗಾಪುರಕ್ಕಿಂತ ಹಳೆಯದು. ಮದ್ಯಕ್ಕೆ ನೀರು, ಸಕ್ಕರೆ ಬೆರೆಸಿ, ಕೆಲವೊಮ್ಮೆ ಮೇಲೆ ಜಾಯಿಕಾಯಿ ತುರಿದು ಕುಡಿಯುವ ಪದ್ಧತಿ 18ನೇ ಶತಮಾನದಲ್ಲೇ ಅಮೆರಿಕದಲ್ಲಿತ್ತು. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನೆಂದು ಓದುಗರಿಗೆ ವಿವರಿಸುವಾಗ ಅದನ್ನು ಕಹಿ ಬೆರೆಸಿದ ಸ್ಲಿಂಗ್ ಎಂದೇ ಕರೆದಿತ್ತು. ಅಂದರೆ ಬ್ರಿಟಿಷ್ ಅಧಿಕಾರಿ ಸ್ಟಾಂಫರ್ಡ್ ರಾಫಲ್ಸ್ 1819ರಲ್ಲಿ ಸಿಂಗಾಪುರದ ನದಿಮುಖದಲ್ಲಿ ಇಳಿಯುವುದಕ್ಕೆ ಮೊದಲೇ ಸ್ಲಿಂಗ್ ಪ್ರಸಿದ್ಧವಾಗಿತ್ತು. ಬ್ರಿಟಿಷರ ವಸಾಹತು ಪಟ್ಟಣಗಳಲ್ಲಿ ಜಿನ್ ಸ್ಲಿಂಗ್ ದಿನನಿತ್ಯದ ಪೇಯವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಕೆಂಪು ಬಣ್ಣವೂ ಹೊಸದಲ್ಲ. 1903ರ ಸ್ಟ್ರೇಟ್ಸ್ ಟೈಮ್ಸ್ ಪತ್ರಿಕೆಯಲ್ಲೇ ನಸುಗೆಂಪು ಸ್ಲಿಂಗಿನ ಪ್ರಸ್ತಾಪವಿದೆ. ಎಲ್ಲಕ್ಕಿಂತ ಮುಖ್ಯವಾದದ್ದು 1913ರಲ್ಲಿ ಸಿಂಗಾಪುರದ ವಾರಪತ್ರಿಕೆಯೊಂದರಲ್ಲಿ ಬಂದ ಒಂದು ಸಣ್ಣ ಬರಹ. ಕ್ರಿಕೆಟ್ ಕ್ಲಬ್ಬಿನಲ್ಲಿ ಸ್ಲಿಂಗ್ ಮಾಡಿಕೊಡಲು ಒಪ್ಪದಿದ್ದಾಗ ಸದಸ್ಯರು ಚೆರ್ರಿ ಬ್ರಾಂಡಿ, ಬೆನೆಡಿಕ್ಟೀನ್, ಜಿನ್, ನಿಂಬೆರಸ, ಮಂಜುಗಡ್ಡೆ, ನೀರು, ಬಿಟರ್ಸ್ ಇವನ್ನು ಬಿಡಿಬಿಡಿಯಾಗಿ ತರಿಸಿ, ತಾವೇ ಬೆರೆಸಿಕೊಂಡು ಕುಡಿದರು ಎಂಬುದು ಅದರ ಸಾರ. ಹೋಟೆಲು ಹೇಳುವ ವರ್ಷಕ್ಕಿಂತ ಮುಂಚೆಯೇ, ರಾಫಲ್ಸ್ ಹೋಟೆಲಿನ ಹೊರಗೆ, ಈ ಪೇಯದ ಮೂಳೆಕಟ್ಟು ಇಡಿಯಾಗಿ ಇದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಬರಹವನ್ನು ಓದಿದ ಮೇಲೆ ಲಾಂಗ್ ಬಾರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಇನ್ನೊಂದು ಕಥೆಯನ್ನೂ ಎಚ್ಚರದಿಂದ ನೋಡಬೇಕಾಗುತ್ತದೆ. ಆ ಕಾಲದ ಯುರೋಪಿಯನ್ ಹೆಂಗಸರು ಸಾರ್ವಜನಿಕವಾಗಿ ಮದ್ಯ ಕುಡಿಯುವುದು ಮರ್ಯಾದೆಯಲ್ಲವೆಂದಿದ್ದುದರಿಂದ, ಗಂಡಸರು ಜಿನ್ ಹೀರುತ್ತಿದ್ದಾಗ ಅವರು ಹಣ್ಣಿನ ರಸಕ್ಕೆ ತೃಪ್ತಿಪಡಬೇಕಾಗಿತ್ತಂತೆ. ನೋಡಲು ಹಣ್ಣಿನ ರಸದಂತಿದ್ದು ಒಳಗೆ ಜಿನ್ ಇರುವ ಪೇಯವನ್ನು ನ್ಯಾಮ್ ಅವರಿಗಾಗಿ ರೂಪಿಸಿದನಂತೆ. ವಸಾಹತು ಸಮಾಜದ ಕಟ್ಟುಪಾಡುಗಳನ್ನು ಬಲ್ಲವರಿಗೆ ಇದು ಅಸಂಭವವೆನಿಸುವುದಿಲ್ಲ. ಆದರೆ ಉಳಿದಿರುವ ಪತ್ರಿಕಾ ಬರಹಗಳಲ್ಲಿ ಸ್ಲಿಂಗನ್ನು ಬಯಸಿ, ಹಟಮಾಡಿ ಕುಡಿಯುವವರು ಕ್ಲಬ್ಬಿನ ಗಂಡಸರು. ಅಲ್ಲದೆ ಈ ಕಥೆ ನಿಲ್ಲುವುದು ಅನಾನಸ್ ರಸದ ಮೇಲೆ. ಹಣ್ಣಿನ ರಸದ ಸೋಗು ಹಾಕಲು ಹಣ್ಣಿನ ರಸವೇ ಬೇಕಲ್ಲ. ಹಳೆಯ ಪಾಕಗಳಲ್ಲಿ ಅದೇ ಇಲ್ಲ.

1922ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ವರ್ಮೈರ್ ಪ್ರಕಟಿಸಿದ ಕಾಕ್‌ಟೇಲ್ ಕೈಪಿಡಿಯಲ್ಲಿ ಸ್ಟ್ರೇಟ್ಸ್ ಸ್ಲಿಂಗ್ ಎಂಬ ಹೆಸರಿನ ಪೇಯವಿದೆ. ಸಿಂಗಾಪುರದ ಪ್ರಸಿದ್ಧ ಪೇಯವೆಂದು ಅದನ್ನು ಪರಿಚಯಿಸುವ ವರ್ಮೈರ್, ಜಿನ್, ಬೆನೆಡಿಕ್ಟೀನ್, ಸಿಹಿ ಕಡಿಮೆಯಿರುವ ಚೆರ್ರಿ ಬ್ರಾಂಡಿ, ಅರ್ಧ ನಿಂಬೆಹಣ್ಣಿನ ರಸ, ಎರಡು ಬಗೆಯ ಬಿಟರ್ಸ್ ಇವನ್ನು ಕುಲುಕಿ, ಲೋಟಕ್ಕೆ ಸುರಿದು, ತಣ್ಣನೆಯ ಸೋಡಾ ತುಂಬಿಸಲು ಹೇಳುತ್ತಾರೆ. 1930ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಬಾರ್‌ಟೆಂಡರ್ ಹ್ಯಾರಿ ಕ್ರ್ಯಾಡಕ್ ಪ್ರಕಟಿಸಿದ ಪಾಕ ಇನ್ನೂ ಸರಳ: ನಿಂಬೆರಸ, ಜಿನ್, ಅದರ ಎರಡರಷ್ಟು ಚೆರ್ರಿ ಬ್ರಾಂಡಿ, ಸೋಡಾ. ಇಲ್ಲಿ ಬೆನೆಡಿಕ್ಟೀನ್ ಕೂಡ ಇಲ್ಲ. 1939ರಲ್ಲಿ ಅಮೆರಿಕದ ಪ್ರವಾಸಿ ಲೇಖಕ ಚಾರ್ಲ್ಸ್ ಬೇಕರ್ ರಾಫಲ್ಸ್ ಹೋಟೆಲಿನದೆಂದೇ ಕೊಟ್ಟ ಪಾಕದಲ್ಲಿ ಜಿನ್, ಚೆರ್ರಿ ಬ್ರಾಂಡಿ, ಬೆನೆಡಿಕ್ಟೀನ್ ಇದ್ದವು, ಮೇಲೆ ಸೋಡಾ ಇತ್ತು, ಅನಾನಸ್ ಇರಲಿಲ್ಲ. 1948ರಲ್ಲಿ ಡೇವಿಡ್ ಎಂಬರಿ ಎಂಬ ಅಮೆರಿಕದ ವಕೀಲರು ಈ ಪೇಯದ ಪ್ರಕಟಿತ ಪಾಕಗಳಲ್ಲಿ ಒಂದರಂತೆ ಇನ್ನೊಂದನ್ನು ತಾವು ಕಂಡೇ ಇಲ್ಲವೆಂದು ಬರೆದರು. ಒಂದೇ ಹೆಸರಿನಡಿ ಹಲವು ಪೇಯಗಳು ಓಡಾಡುತ್ತಿದ್ದವು ಎಂಬುದನ್ನು ಅದರಷ್ಟು ಸರಳವಾಗಿ ಬೇರೆ ಯಾರೂ ಹೇಳಿಲ್ಲ.

ಹೋಟೆಲಿನ ಕಡೆಯಿಂದ ಇದಕ್ಕೆ ಸಿಗುವ ಉತ್ತರವೂ ಆಸಕ್ತಿದಾಯಕವಾಗಿದೆ. ನ್ಯಾಮ್‌ನ ಮೂಲ ಪಾಕ ಕಳೆದುಹೋಗಿತ್ತು. 1936ರಲ್ಲಿ ಅತಿಥಿಯೊಬ್ಬರು ಪರಿಚಾರಕನನ್ನು ಕೇಳಿ ಬಾರಿನ ಚೀಟಿಯ ಮೇಲೆ ಅದನ್ನು ಬರೆದುಕೊಂಡಿದ್ದರು. ಮುಂದೆ ಹಳೆಯ ಬಾರ್‌ಟೆಂಡರುಗಳ ನೆನಪು ಮತ್ತು ಇಂಥ ಟಿಪ್ಪಣಿಗಳನ್ನು ಜೋಡಿಸಿ ಪೇಯವನ್ನು ಮತ್ತೆ ರೂಪಿಸಲಾಯಿತು. ಇಂದು ಜಗತ್ತಿಗೆ ತಿಳಿದಿರುವ ಅನಾನಸ್ ಪ್ರಧಾನ ಸ್ಲಿಂಗ್ ಭದ್ರವಾಗಿ ನೆಲೆಯೂರಿದ್ದು 1970ರ ದಶಕದಲ್ಲಿ. ಆಗ ಹೋಟೆಲಿನ ಸ್ಥಿತಿ ಚೆನ್ನಾಗಿರಲಿಲ್ಲ. ಹೊಸ ಗಗನಚುಂಬಿ ಹೋಟೆಲುಗಳ ನಡುವೆ ಹಳೆಯ ಕಟ್ಟಡ ಮಂಕಾಗಿತ್ತು. ಆ ಹೊತ್ತಿನಲ್ಲಿ ವ್ಯವಸ್ಥಾಪಕರಾಗಿದ್ದ ಇಟಲಿಯ ರೊಬೆರ್ಟೊ ಪ್ರೆಗಾರ್ಟ್ಸ್ ಹೋಟೆಲಿನ ಹಳೆಯ ವೈಭವವನ್ನೇ ಅದರ ಬಂಡವಾಳವನ್ನಾಗಿ ಮಾಡಿಕೊಂಡರು. ಸ್ಲಿಂಗ್ ಆ ಪ್ರಯತ್ನದ ಮುಖ್ಯ ಅಂಗವಾಯಿತು. 1987ರಲ್ಲಿ, ತನ್ನ ನೂರನೆಯ ವರ್ಷದಲ್ಲಿ, ಹೋಟೆಲು ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ಕಟ್ಟಡ ಉಳಿಯುವಲ್ಲಿ ಈ ಪೇಯಕ್ಕೂ ಒಂದು ಪಾಲಿದೆ ಎಂದು ನಾನು ನಂಬುತ್ತೇನೆ. ಕೇವಲ ಪ್ರಚಾರದ ಸರಕೆಂದು ಇದನ್ನು ತಳ್ಳಿಹಾಕುವವರೊಂದಿಗೆ ನನಗೆ ಸಹಮತವಿಲ್ಲ.

ಹಾಗಾದರೆ ನ್ಯಾಮ್ ತೋಂಗ್ ಬೂನ್ ಬರೀ ಕಥೆಯೇ? ಹಾಗೆನ್ನುವುದೂ ಅನ್ಯಾಯವಾಗುತ್ತದೆ. ಸಿಂಗಾಪುರದ ಬಾರುಗಳ ಹಿಂದೆ ನಿಂತು ದುಡಿದವರು ಹೈನಾನಿನವರೇ ಎಂಬುದರಲ್ಲಿ ಸಂದೇಹವಿಲ್ಲ. ದಕ್ಷಿಣ ಚೀನದಿಂದ ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನ್ ಭಾಷಿಕರು ಬಹಳ ಮೊದಲೇ ಬಂದು ವ್ಯಾಪಾರ, ಬಂದರು, ಕುಶಲಕೆಲಸಗಳಲ್ಲಿ ನೆಲೆಯೂರಿದ್ದರು. ಹೈನಾನ್ ದ್ವೀಪದ ಬಂದರು ವಿದೇಶಿ ಹಡಗುಗಳಿಗೆ ತೆರೆದದ್ದು 1870ರ ದಶಕದಲ್ಲಿ; ತಡವಾಗಿ ಬಂದ ಅಲ್ಲಿನ ಜನರಿಗೆ ಉಳಿದದ್ದು ಬ್ರಿಟಿಷರ ಮನೆಗಳಲ್ಲಿ ಅಡುಗೆ, ಹಡಗುಗಳಲ್ಲಿ ಮತ್ತು ಹೋಟೆಲುಗಳಲ್ಲಿ ಪರಿಚಾರಿಕೆಯ ಕೆಲಸ. ಅಲ್ಲಿ ಕಲಿತ ಕೈಗುಣವನ್ನೇ ಅವರು ಮುಂದೆ ಸ್ವಂತ ಕಾಫಿ ಅಂಗಡಿಗಳಿಗೂ ಊಟದ ಮನೆಗಳಿಗೂ ತಂದರು. ಸಿಂಗಾಪುರದ ಹೆಸರಾಂತ ಕೋಳಿ ಅನ್ನವೂ, ತೆಂಗಿನ ಹಾಲು ಮತ್ತು ಮೊಟ್ಟೆಯ ಕಾಯಾ ಹಚ್ಚಿದ ಸುಟ್ಟ ರೊಟ್ಟಿಯೂ ಅವರ ಕೊಡುಗೆ. ನಮ್ಮ ಉಡುಪಿ ಸೀಮೆಯವರು ಮುಂಬಯಿಗೆ ಹೋಗಿ, ಲೋಟ ತೊಳೆಯುವ ಕೆಲಸದಿಂದ ಆರಂಭಿಸಿ ಹೋಟೆಲುಗಳನ್ನೇ ಕಟ್ಟಿದ್ದನ್ನು ಬಲ್ಲವರಿಗೆ ಈ ದಾರಿ ಹೊಸದಾಗಿ ಕಾಣದು. ಹೈನಾನಿನವರ ಬೀದಿಗಳೆಂದು ಹೆಸರಾದ ಮಿಡಲ್ ರಸ್ತೆ, ಪರ್ವಿಸ್ ಬೀದಿ, ಸಿಯಾ ಬೀದಿಗಳು ರಾಫಲ್ಸ್ ಹೋಟೆಲಿನ ಮಗ್ಗುಲಲ್ಲೇ ಇವೆ. ಸಿಯಾ ಬೀದಿಯಂತೂ ಹೋಟೆಲಿನ ಗೋಡೆಗೆ ತಾಗಿಕೊಂಡೇ ಹೋಗುತ್ತದೆ.

ಆದ್ದರಿಂದ ನಾನು ನ್ಯಾಮ್‌ನನ್ನು ಹೀಗೆ ನೋಡುತ್ತೇನೆ: ಊರಿನ ಕ್ಲಬ್ಬುಗಳಲ್ಲಿ, ಹೋಟೆಲುಗಳಲ್ಲಿ ಆಗಲೇ ಓಡಾಡುತ್ತಿದ್ದ ಕೆಂಪು ಸ್ಲಿಂಗಿಗೆ ಒಂದು ಹದ ತಂದುಕೊಟ್ಟು, ತನ್ನ ಕಟ್ಟೆಯ ಪೇಯವೆಂದು ಅದಕ್ಕೆ ಹೆಸರು ಬರುವಂತೆ ಮಾಡಿದ ಕುಶಲಿ. ವಸಾಹತು ಕಾಲದ ದಾಖಲೆಗಳಲ್ಲಿ ಪರಿಚಾರಕರನ್ನು ಹೆಸರಿಲ್ಲದೆ ಬರೀ ಬಾಯ್ ಎಂದು ಕರೆಯುತ್ತಿದ್ದರು. ಅಂಥ ಸಾವಿರಾರು ಜನರ ಪೈಕಿ ಒಬ್ಬನ ಹೆಸರಾದರೂ ಇಂದು ಆ ಕಟ್ಟೆಯ ಬಳಿ ದಿನವೂ ಉಚ್ಚಾರವಾಗುತ್ತಿರುವುದು ನನಗೆ ಈ ಪೇಯದ ಬಹು ದೊಡ್ಡ ಸಾರ್ಥಕತೆಯೆನಿಸುತ್ತದೆ. ಹೋಟೆಲು ಅವನೊಬ್ಬನೇ ಎಲ್ಲವನ್ನೂ ಒಂದೇ ದಿನ ಕಂಡುಹಿಡಿದನೆಂಬಂತೆ ಹೇಳುವುದನ್ನು ಬಿಟ್ಟು, ಅವನ ಸುತ್ತಲಿದ್ದ ಹೈನಾನಿಗರ ಕಥೆಯನ್ನೂ ಸೇರಿಸಿ ಹೇಳಿದರೆ ಆ ಕಥೆಯ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

1915 ಎಂಬ ವರ್ಷದ ಬಗ್ಗೆ ಭಾರತೀಯ ಓದುಗರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಆ ವರ್ಷದ ಫೆಬ್ರವರಿ 15ರಂದು, ಚೀನೀ ಹೊಸವರ್ಷದ ರಜೆಯ ಹೊತ್ತಿನಲ್ಲಿ, ಸಿಂಗಾಪುರದಲ್ಲಿದ್ದ 5ನೇ ಲೈಟ್ ಇನ್‌ಫೆಂಟ್ರಿ ಎಂಬ ಭಾರತೀಯ ದಳದ ಸಿಪಾಯಿಗಳು ದಂಗೆ ಎದ್ದರು. ದಂಗೆಯನ್ನು ಅಡಗಿಸಿದ ಮೇಲೆ 47 ಜನರನ್ನು ಗುಂಡಿಟ್ಟು ಕೊಲ್ಲಲಾಯಿತು. ಔಟ್ರಂ ರಸ್ತೆಯ ಸೆರೆಮನೆಯ ಗೋಡೆಯ ಮುಂದೆ ಆ ಶಿಕ್ಷೆಯನ್ನು ಜನ ಗುಂಪುಗೂಡಿ ನೋಡಿದರು. ಹೋಟೆಲಿನ ಕಥೆ ನಿಜವಾದರೆ ಸ್ಲಿಂಗ್ ಹುಟ್ಟಿದ್ದು ಅದೇ ವರ್ಷ, ಅದೇ ಪುಟ್ಟ ಊರಿನಲ್ಲಿ. ಬೆತ್ತದ ಕುರ್ಚಿ, ತೂಗುವ ಬೀಸಣಿಗೆ, ತೋಟಗಾರ ಸಾಹೇಬರ ವಿರಾಮ ಇವಷ್ಟೇ ಆ ಕಾಲದ ಚಿತ್ರವೆಂದು ಯಾರೂ ಭಾವಿಸಬಾರದು ಎಂಬ ಕಾರಣಕ್ಕೆ ಇದನ್ನು ಇಲ್ಲಿ ಹೇಳಿದ್ದೇನೆ.

ಪೇಯದ ಘಟಕಗಳನ್ನು ಒಂದೊಂದಾಗಿ ನೋಡಿದರೆ ಈ ಬಂದರು ನಗರದ ಸ್ವಭಾವ ಯಾವ ಫಲಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಜಿನ್ ಬಂದದ್ದು ಇಂಗ್ಲೆಂಡಿನಿಂದ. ಈ ಪೇಯದೊಂದಿಗೆ ಹೆಚ್ಚಾಗಿ ಹೆಸರು ಕೂಡಿಕೊಂಡಿರುವ ಚೆರ್ರಿ ಲಿಕ್ಯೂರ್ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1818ರಲ್ಲಿ ಪೀಟರ್ ಹೀರಿಂಗ್ ತಯಾರಿಸಲಾರಂಭಿಸಿದ್ದು. ಕ್ವಾಂತ್ರೋ ಫ್ರಾನ್ಸಿನ ಆಂಜೇ ಪಟ್ಟಣದ ಕಿತ್ತಳೆ ಲಿಕ್ಯೂರ್. ಅಂಗೋಸ್ಟುರಾ ಬಿಟರ್ಸ್ ಜರ್ಮನಿಯ ವೈದ್ಯ ಯೋಹಾನ್ ಸೀಗರ್ಟ್ 1824ರಲ್ಲಿ ವೆನೆಜುವೆಲಾದ ಅಂಗೋಸ್ಟುರಾ ಪಟ್ಟಣದಲ್ಲಿ ಔಷಧವಾಗಿ ರೂಪಿಸಿದ ಕಷಾಯ. ಅದರ ತಯಾರಿಕೆ ಮುಂದೆ ಟ್ರಿನಿಡಾಡಿಗೆ ಹೋಯಿತು. ಬೆನೆಡಿಕ್ಟೀನಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಫ್ರಾನ್ಸಿನ ನಾರ್ಮಂಡಿಯ ಫೆಕಾಂ ಎಂಬಲ್ಲಿ ಅಲೆಕ್ಸಾಂದ್ರ್ ಲ ಗ್ರಾಂ 1863ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. 27 ಗಿಡಮೂಲಿಕೆ, ಸಾಂಬಾರಗಳಿಂದ ಮಾಡಿದ, ಮಠದ ಸನ್ಯಾಸಿಗಳ ಪುರಾತನ ಪಾಕವೆಂದು ಅದನ್ನು ಪ್ರಚಾರ ಮಾಡಿದರು. ಸೀಸೆಯ ಮೇಲಿನ ಡಿ.ಓ.ಎಂ. ಎಂಬ ಅಕ್ಷರಗಳಿಂದಾಗಿ ಸಿಂಗಾಪುರ, ಮಲೇಷ್ಯಾಗಳಲ್ಲಿ ಅದಕ್ಕೆ ಡಾಮ್ ಎಂದೇ ಹೆಸರು. ಅಲ್ಲಿನ ಚೀನೀ ಕುಟುಂಬಗಳಲ್ಲಿ ಬಾಣಂತಿಯರಿಗೆ ಮೈಗೆ ಕಾವು ಬರಲೆಂದು ಅದನ್ನು ಕೊಡುವ ಪದ್ಧತಿ ಇಂದಿಗೂ ಇದೆ. ಯುರೋಪಿನಿಂದ ಬಂದ ಲಿಕ್ಯೂರೊಂದು ಹೀಗೆ ಅಲ್ಲಿನ ಮನೆಮದ್ದಿನ ಕಪಾಟನ್ನು ಸೇರಿತು. ಸ್ಲಿಂಗಿನಲ್ಲಿ ಅದರ ಅಳತೆ ಅತಿ ಕಡಿಮೆ. ಆದರೂ ಅದನ್ನು ಬಿಟ್ಟು ಮಾಡಿದ ಪೇಯ ಹಣ್ಣಿನ ಪಂಚ್ ಆಗಿಬಿಡುತ್ತದೆ.

ಇನ್ನುಳಿದದ್ದು ಅನಾನಸ್. ಅದು ಮೂಲತಃ ದಕ್ಷಿಣ ಅಮೆರಿಕದ ಹಣ್ಣಾದರೂ 20ನೇ ಶತಮಾನದ ಆರಂಭದ ಹೊತ್ತಿಗೆ ಸಿಂಗಾಪುರ ಮತ್ತು ನೆರೆಯ ಜೊಹೋರ್‌ಗಳ ದೊಡ್ಡ ಬೆಳೆಯಾಗಿತ್ತು. ರಬ್ಬರ್ ಗಿಡಗಳು ಫಲಕ್ಕೆ ಬರುವವರೆಗೆ ಅವುಗಳ ನಡುವಿನ ಜಾಗದಲ್ಲಿ ಅನಾನಸ್ ಬೆಳೆದು, ಡಬ್ಬಿಗೆ ತುಂಬಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಸಿಂಗಾಪುರದ ಚೀನೀ ಉದ್ಯಮಿ ತಾನ್ ಕಾ ಕೀ ತನ್ನ ವ್ಯಾಪಾರವನ್ನು ಕಟ್ಟಿದ್ದು ಅನಾನಸ್ ಡಬ್ಬಿಯ ಕಾರ್ಖಾನೆಯಿಂದ. ಇನ್ನೊಬ್ಬ ಉದ್ಯಮಿ ಲಿಮ್ ನೀ ಸೂನ್‌ಗೆ ಅನಾನಸ್ ರಾಜನೆಂಬ ಬಿರುದೇ ಇತ್ತು. ಆದ್ದರಿಂದ ಅನಾನಸ್ ಸ್ಲಿಂಗಿಗೆ ತಡವಾಗಿ ಸೇರಿದ್ದರೂ ಅದು ಆ ನೆಲಕ್ಕೆ ಪರಕೀಯವಲ್ಲ. ಹಳೆಯ ಪಾಕವೇ ಶುದ್ಧ, ಅನಾನಸ್ ಪಾಕ ಕೆಟ್ಟುಹೋದದ್ದು ಎಂಬ ಕೆಲವು ಬಾರ್‌ಟೆಂಡರುಗಳ ವಾದ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದಕ್ಕೆ ಕಾರಣ ಇದೇ.

ಹೋಟೆಲಿನ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಪರ್ಷಿಯಾದ ಇಸ್ಫಹಾನ್ ಕಡೆಯಿಂದ ಬಂದ ಆರ್ಮೇನಿಯನ್ನರಾದ ಸರ್ಕೀಸ್ ಸೋದರರು 1887ರ ಡಿಸೆಂಬರ್ 1ರಂದು, ಅರಬ್ ವ್ಯಾಪಾರಿ ಮನೆತನವಾದ ಅಲ್‌ಸಗೋಫ್‌ಗಳಿಂದ ಬಾಡಿಗೆಗೆ ಪಡೆದ ಸಮುದ್ರದಂಡೆಯ ಬಂಗಲೆಯಲ್ಲಿ 10 ಕೋಣೆಗಳೊಂದಿಗೆ ಇದನ್ನು ತೆರೆದರು. ಪೆನಾಂಗಿನ ಈಸ್ಟರ್ನ್ ಅಂಡ್ ಓರಿಯೆಂಟಲ್, ರಂಗೂನಿನ ಸ್ಟ್ರಾಂಡ್ ಹೋಟೆಲುಗಳೂ ಇವರವೇ. 1930ರ ಆರ್ಥಿಕ ಕುಸಿತದಲ್ಲಿ ರಬ್ಬರ್ ಬೆಲೆ ಬಿದ್ದಾಗ ಸೋದರರ ವ್ಯವಹಾರ ದಿವಾಳಿಯಾಯಿತು. ಜಪಾನೀಯರ ಆಳ್ವಿಕೆಯಲ್ಲಿ ಹೋಟೆಲಿನ ಹೆಸರೇ ಬದಲಾಯಿತು. ಮುಂದೆ ಸಮುದ್ರವನ್ನು ತುಂಬಿ ನೆಲ ಮಾಡಿದ್ದರಿಂದ ಬೀಚ್ ರಸ್ತೆಯ ಮುಂದೆ ಈಗ ಬೀಚ್ ಇಲ್ಲ.

ಸೇವೆಯ ಕುರಿತು ನನ್ನ ಅಭಿಪ್ರಾಯ ಒಳ್ಳೆಯದಾಗಿಯೇ ಇದೆ. ಜನಸಂದಣಿಯ ನಡುವೆಯೂ ಸಿಬ್ಬಂದಿ ಮಾತನಾಡಲು ಬಿಡುವು ಮಾಡಿಕೊಳ್ಳುತ್ತಾರೆ. ಘಟಕಗಳ ಬಗ್ಗೆ ಕೇಳಿದರೆ ಸೀಸೆಗಳನ್ನು ತೋರಿಸಿ ವಿವರಿಸುತ್ತಾರೆ. ಹಲವು ಶೇಕರುಗಳನ್ನು ಒಟ್ಟಿಗೆ ಅಲುಗಾಡಿಸಲು ಚಕ್ರ ತಿರುಗಿಸುವ ಹಳೆಯ ಮಾದರಿಯ ಯಂತ್ರವನ್ನು ಇಟ್ಟಿದ್ದಾರೆ. ದಿನವಿಡೀ ಒಂದೇ ಪೇಯಕ್ಕೆ ಬೇಡಿಕೆಯಿರುವ ಕಡೆ ಇದು ಬುದ್ಧಿವಂತಿಕೆಯ ಏರ್ಪಾಡು, ಏಕೆಂದರೆ ನೊರೆಗೆ ಬೇಕಾದ ರಭಸವನ್ನು ಅದು ಪ್ರತಿ ಲೋಟಕ್ಕೂ ಸಮನಾಗಿ ಕೊಡುತ್ತದೆ. ಕಾಕ್‌ಟೇಲಿನ ನೂರು ವರ್ಷದ ನೆನಪಿಗೆ 2015ರಲ್ಲಿ ಲಂಡನ್ನಿನ ಸಿಪ್‌ಸ್ಮಿತ್ ಕಂಪನಿ ಹೋಟೆಲಿಗಾಗಿ ರಾಫಲ್ಸ್ 1915 ಎಂಬ ಜಿನ್ ತಯಾರಿಸಿತ್ತು. ಮಲ್ಲಿಗೆ, ಚಕ್ಕೋತದ ಸಿಪ್ಪೆ, ನಿಂಬೆಹುಲ್ಲು, ಜಾಯಿಕಾಯಿ, ಏಲಕ್ಕಿ ಮೊದಲಾದ ಆ ಪ್ರದೇಶದ ಸುವಾಸನೆಗಳನ್ನು ಸೇರಿಸಿದ ಜಿನ್ ಅದು. ಎಲ್ಲಾದರೂ ಸಿಕ್ಕರೆ ಬರೀ ಸೋಡಾದೊಂದಿಗೆ ಕುಡಿದು ನೋಡಬೇಕು. ಅನಾನಸಿನಡಿ ಅದರ ಸೂಕ್ಷ್ಮತೆ ಮುಚ್ಚಿಹೋಗುತ್ತದೆ.

ಬೆಲೆಗೆ ತಕ್ಕದ್ದೇ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಕಾಕ್‌ಟೇಲ್ ಎಂಬ ಕಲೆಯಲ್ಲಿ, ಏಷ್ಯಾದ ಬಂದರುಗಳ ಚರಿತ್ರೆಯಲ್ಲಿ ಆಸಕ್ತಿ ಇರುವವರು ಒಮ್ಮೆ ಖಂಡಿತ ಹೋಗಬೇಕು, ಒಂದೇ ಲೋಟ ತರಿಸಿ ನಿಧಾನವಾಗಿ ಕುಡಿಯಬೇಕು. ಒಳ್ಳೆಯ ಜಿನ್ ಕುಡಿಯುವುದೇ ಉದ್ದೇಶವಾದರೆ ಅದೇ ಹಣಕ್ಕೆ ಆ ನಗರದಲ್ಲಿ ಬೇರೆ ಉತ್ತಮ ಆಯ್ಕೆಗಳಿವೆ. ಸಿಂಗಾಪುರ್ ಏರ್‌ಲೈನ್ಸ್ ವಿಮಾನಗಳಲ್ಲೂ ಸ್ಲಿಂಗ್ ಕೊಡುತ್ತಾರೆ. ಹೆಸರಿನ ಪರಿಚಯಕ್ಕೆ ಅದು ಸಾಕು, ನೊರೆಯ ಪರಿಚಯಕ್ಕೆ ಸಾಲದು. ಲಾಂಗ್ ಬಾರಿನಿಂದ ಹೊರಟ ಮೇಲೆ ಪರ್ವಿಸ್ ಬೀದಿಗೆ ನಡೆದುಹೋಗಿ ಹೈನಾನಿನವರ ಊಟದ ಮನೆಯಲ್ಲಿ ಕೋಳಿ ಅನ್ನ ತಿನ್ನುವುದನ್ನು ಮಾತ್ರ ತಪ್ಪಿಸಬಾರದು. ಒಂದೇ ಸಮುದಾಯದ ಕೈಗಳು ದೊರೆಗಳಿಗಾಗಿ ಮಾಡಿದ್ದನ್ನೂ ತಮ್ಮವರಿಗಾಗಿ ಮಾಡಿಕೊಂಡದ್ದನ್ನೂ ಹತ್ತು ನಿಮಿಷದ ನಡಿಗೆಯೊಳಗೆ ಸವಿಯುವ ಅವಕಾಶ ಹೀಗೆ ಬೇರೆಡೆ ಸಿಗುವುದು ಅಪರೂಪ.

ಹಳೆಯ ಬಗೆಯನ್ನು ಸವಿಯಬೇಕೆನ್ನುವವರು ಬೆಂಗಳೂರಿನ ಯಾವುದೇ ಅನುಭವಿ ಬಾರ್‌ಟೆಂಡರನ್ನು ಕೇಳಿ ವರ್ಮೈರ್ ಪಾಕವನ್ನು ಮಾಡಿಸಿಕೊಳ್ಳಬಹುದು. ಅಂದಿನ ಬ್ರಿಟಿಷ್ ಅಳತೆಗಳನ್ನು ಇಂದಿನದಕ್ಕೆ ತಂದರೆ ಸುಮಾರು 70 ಮಿಲಿಲೀಟರ್ ಜಿನ್, ಬೆನೆಡಿಕ್ಟೀನ್ ಮತ್ತು ಚೆರ್ರಿ ಬ್ರಾಂಡಿ ತಲಾ 18 ಮಿಲಿಲೀಟರ್, ಅರ್ಧ ನಿಂಬೆಹಣ್ಣಿನ ರಸ, ಕಿತ್ತಳೆ ಬಿಟರ್ಸ್ ಮತ್ತು ಅಂಗೋಸ್ಟುರಾ ತಲಾ ಕೆಲವು ಹನಿ, ಉಳಿದದ್ದು ಸೋಡಾ ಎಂದಾಗುತ್ತದೆ. ಇದು ಇಬ್ಬರು ಹಂಚಿಕೊಳ್ಳುವಷ್ಟು ಗಡುಸಾದ ಪೇಯ. ಬೆನೆಡಿಕ್ಟೀನನ್ನು 10 ಮಿಲಿಲೀಟರಿಗೆ, ಜಿನ್ನನ್ನು 45ಕ್ಕೆ ಇಳಿಸಿದರೆ ನಮ್ಮ ಹವೆಗೆ ಹೆಚ್ಚು ಒಗ್ಗುತ್ತದೆ. ಚೆರ್ರಿ ಬ್ರಾಂಡಿ ಮಾತ್ರ ನಿಜವಾದ ಹಣ್ಣಿನದಾಗಿರಬೇಕು. ಬಣ್ಣ ಬೆರೆಸಿದ ಪಾನಕದಿಂದ ಇದನ್ನು ಮಾಡಬಾರದು. ಲಾಂಗ್ ಬಾರಿನ ಲೋಟದಲ್ಲಿ ಹಿಂದೆ ಸರಿದಿದ್ದ ಜಿನ್ ಇಲ್ಲಿ ಮುಂದೆ ಬರುತ್ತದೆ, ಸೋಡಾದ ಜೊತೆ ಬಿಟರ್ಸಿನ ಕಹಿ ಏಳುತ್ತದೆ, ಚೆರ್ರಿ ಬಣ್ಣಕ್ಕಷ್ಟೇ ನಿಲ್ಲದೆ ಹುಳಿಗೂ ನೆರವಾಗುತ್ತದೆ. ಎರಡರಲ್ಲಿ ನನ್ನ ಆಯ್ಕೆ ಇದೇ.